ಭೀಮಪ್ಪರಿ

ರಾಜ್ಯದ ಗಡಿ ದಾಟುವ ಲಾರಿ ಚಾಲಕರಿಗೆ ಕಂಪ್ಯೂಟರ್ ಗುರುತಿನ ಕಾರ್ಡ್ ಮಾಡಿಕೊಡುವ ಕೆಲಸಕ್ಕೆ ನಾನು ಹತ್ತರಗಿಯಲ್ಲಿದ್ದೆ. ಒಂದು ಮಧ್ಯಾಹ್ನ ಮಮದಾಪುರದ ಭೀಮಪ್ಪ, ಟೊಮೆಟೊ ತುಂಬಿದ ಲಾರಿಯೊಂದಿಗೆ ಗಡಿಯಿಂದ ವಾಪಸು ಬಂದ. ಲೈಸೆನ್ಸಿನಲ್ಲಿ ‘ಭೀಮಪ್ಪ’, ಕಾರ್ಡಿನಲ್ಲಿ ‘ಭೀಮಪ್ಪರಿ’. ಅಲ್ಲಿಯ ಕಂಪ್ಯೂಟರ್ ಅವನನ್ನು ಒಪ್ಪಿರಲಿಲ್ಲ.

“ಮಾಲು ಕೊಳಿಯಾಕತ್ತೈತ್ರಿ, ಸಾಹೇಬ್ರ.”

ಮೈಸೂರಿನಿಂದ ಬಂದಿದ್ದ ನಮ್ಮ ಆಪರೇಟರ್, ಮರ್ಯಾದೆಯ ‘ರಿ’ಯನ್ನೂ ಹೆಸರಿಗೆ ಸೇರಿಸಿ ಟೈಪ್ ಮಾಡಿದ್ದ. ಚಾಲಕನ ಬಾಯಿಂದಲೇ ಹೆಸರು ಕೇಳಿ ತಿದ್ದಬೇಕೆಂಬುದು ನಿಯಮ. ನಿಯಮ ಬಿಡುವವನು ನಾನಲ್ಲ.

“ಹೆಸರು?”

“ಭೀಮಪ್ಪರಿ.”

“ರಿ ಬಿಟ್ಟು ಹೇಳಿ.”

“ನಿಮ್ಮ ಮುಂದ ಹಂಗ ಮಾತಾಡಾಕ ಬರ್ತೈತೇನ್ರಿ?”

“ಹಾಗಾದರೆ ಕಾರ್ಡ್ ಆಗುವುದಿಲ್ಲ.”

ಅವನು ಲಾರಿಯ ಕಡೆ ನೋಡಿದ. ಆಮೇಲೆ ನನ್ನಿಂದ ಮುಖ ತಿರುಗಿಸಿ, ಕಂಪ್ಯೂಟರಿನತ್ತ ಬಗ್ಗಿ, ಗಟ್ಟಿಯಾಗಿ “ಭೀಮಪ್ಪ” ಎಂದ.

ಯಂತ್ರಕ್ಕೆ ರಿ ಹಚ್ಚಿ ಮಾತಾಡುವ ರೂಢಿ ಆ ಕಡೆ ಇನ್ನೂ ಬಂದಿರಲಿಲ್ಲ.