ಅಣ್ಣನ ಟ್ಯಾಂಕಿನ ಫಾಸ್ಫೇಟು, ನನ್ನ ಒಂಬತ್ತು ಸುಳ್ಳು

ಹೋದ ತಿಂಗಳು ಒಂಬತ್ತು ದಿನ, ಸಂಜೆ ಆರಕ್ಕೆ ಸರಿಯಾಗಿ, ನಾನು ಫೋನಿನಲ್ಲಿ ಸುಳ್ಳು ಹೇಳಿದೆ. ಒಂಬತ್ತು ದಿನವೂ ಅದೇ ಸುಳ್ಳು. "ಪಾಯಿಂಟ್ ಸೊನ್ನೆ ಎಂಟು."

ಆ ಕಡೆ ಕೇಳಿಸಿಕೊಳ್ಳುತ್ತಿದ್ದವನು ನನ್ನಣ್ಣ ಶಶಿಧರ. ಬೈಪಾಸ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಅವನಿಗೀಗ ಐವತ್ತೆಂಟು. ನಮ್ಮಪ್ಪ ಹೋದದ್ದೂ ಐವತ್ತೆಂಟಕ್ಕೇ, ಹೃದಯದ ತೊಂದರೆಯಿಂದಲೇ. (ಮನೆಯಲ್ಲಿ ಎಲ್ಲರೂ ಈ ಲೆಕ್ಕ ಹಾಕಿದ್ದರು. ಒಬ್ಬರೂ ಬಾಯಿಬಿಟ್ಟಿರಲಿಲ್ಲ.)

ನುಂಗಂಬಾಕ್ಕಂನ ಅವನ ಮನೆಯ ಹಾಲಿನಲ್ಲಿ ನಾಲ್ಕಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಸಮುದ್ರದಂಥ ಉಪ್ಪುನೀರು, ಜೀವಂತ ಹವಳ, ಐದು ಮೀನು. ಅವುಗಳಲ್ಲೊಂದು ಅಂಗೈಯಗಲದ ಹಳದಿ ಮೀನು. ಹೆಸರು ಮಂಜ. ತಮಿಳಿನ ‘ಮಂಜಳ್’ ಕನ್ನಡದ ಬಾಯಲ್ಲಿ ಹಾಗಾಗಿತ್ತು. ಎಂಟು ವರ್ಷದಿಂದ ಸಾಕಿದ ಮೀನು. ಅಣ್ಣ ಸೋಫಾದಿಂದ ಎದ್ದರೆ ಸಾಕು, ಗಾಜಿನ ಹತ್ತಿರ ಬಂದು ನಿಲ್ಲುತ್ತಿತ್ತು.

ಅತ್ತಿಗೆ ಆಸ್ಪತ್ರೆಯಲ್ಲಿ. ಅವರ ಮಗಳು ದೀಪ್ತಿಗೆ ಕಾಲೇಜು. ಟ್ಯಾಂಕ್ ನನ್ನ ಪಾಲಿಗೆ ಬಂತು. ಅಡ್ಮಿಟ್ ಆಗುವ ಹಿಂದಿನ ದಿನ ಅಣ್ಣ ನನ್ನನ್ನು ಕೂರಿಸಿಕೊಂಡು ಫಾಸ್ಫೇಟ್ ಟೆಸ್ಟ್ ಮಾಡುವುದನ್ನು ಹೇಳಿಕೊಟ್ಟ. ಪುಟ್ಟ ಗಾಜಿನ ಶೀಶೆಗೆ ಟ್ಯಾಂಕಿನ ನೀರು. ಅದಕ್ಕೊಂದು ಪೊಟ್ಟಣ ಪುಡಿ. ಎರಡು ನಿಮಿಷ ಅಲ್ಲಾಡಿಸಬೇಕು. ಆಮೇಲೆ ಮುಷ್ಟಿಗಾತ್ರದ ಮೀಟರಿನೊಳಗಿಟ್ಟು ಬಟನ್ ಒತ್ತಿದರೆ ಮೂರು ನಿಮಿಷದಲ್ಲಿ ನಂಬರ್. ಫಾಸ್ಫೇಟ್ ಜಾಸ್ತಿಯಾದರೆ ಪಾಚಿ ಕಟ್ಟುತ್ತದೆ, ಹವಳ ಕಂದುತ್ತದೆ. ತೀರಾ ಇಲ್ಲದಿದ್ದರೆ ಹವಳ ಉಪವಾಸ ಬೀಳುತ್ತದೆ. ಆವತ್ತು ಬಂದ ನಂಬರ್ ಪಾಯಿಂಟ್ ಸೊನ್ನೆ ಎಂಟು. ಅದರ ಆಸುಪಾಸಿನಲ್ಲೇ ಇರಲಿ ಅಂದ. ಇಷ್ಟೇ ತಾನೆ ಅಂದುಕೊಂಡೆ.

ಆಪರೇಷನ್ ಆದ ದಿನವೇ ಮೀನಿನ ಫ್ರೋಜನ್ ತಿಂಡಿ ಖಾಲಿಯಾಯಿತು. ತರಲು ಯಾರಿಗೆ ಪುರುಸೊತ್ತು? ಪಕ್ಕದ ಮನೆಯವರು ಕಾಸಿಮೇಡಿನ ಮೀನು ಮಾರುಕಟ್ಟೆಗೆ ಹೊರಟಿದ್ದರು. ಅವರ ಕೈಲಿ ಸೀಗಡಿ ತರಿಸಿದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು ನಾನು. ಮೂಗಿಗೆ ಸೆರಗು ಕಟ್ಟಿಕೊಂಡು ಕೊಚ್ಚಿ, ತೊಳೆಯದೆ, ರಸದ ಸಮೇತ ಸುರಿದೆ. ಮೀನುಗಳು ಮುಗಿಬಿದ್ದು ತಿಂದವು. ನನಗೆ ಖುಷಿಯೋ ಖುಷಿ. ದಿನಕ್ಕೆ ಮೂರು ಸಲ ಹಾಕಿದೆ.

ಮೂರನೆಯ ದಿನ ಅಣ್ಣನನ್ನು ವಾರ್ಡಿಗೆ ತಂದರು. ಸಂಜೆ ಫೋನ್ ಬಂತು. ದನಿ ಬಾವಿಯೊಳಗಿಂದ ಬಂದಹಾಗಿತ್ತು. ಕೇಳಿದ್ದು ಒಂದೇ ಮಾತು. "ಉಮಾ, ಎಷ್ಟು ಬಂತು?"

ಮೀಟರ್ ನನ್ನ ಕೈಲೇ ಇತ್ತು. ಪಾಯಿಂಟ್ ಒಂದು ನಾಲ್ಕು. ಟೆನ್ಷನ್ ಕೊಡಬೇಡಿ ಎಂದು ಡಾಕ್ಟರು ಬೆಳಗ್ಗೆ ತಾನೆ ಹೇಳಿದ್ದರು. ನಾಲಿಗೆ ತಾನಾಗಿ ಸುಳ್ಳು ಹೇಳಿತು.

ಮಾರನೆಯ ದಿನ ನಂಬರ್ ಇನ್ನೂ ಏರಿತು. ಅದರ ಮಾರನೆಯ ದಿನ ಇನ್ನಷ್ಟು. ಗಾಜಿನ ಮೇಲೆ ಕಂದು ಲೋಳೆ ಕಟ್ಟಿತು. ಅರಳಿಕೊಂಡಿರುತ್ತಿದ್ದ ಹವಳಗಳು ಮುದುಡಿದವು. ಮೀಟರ್ ಎಣಿಸುವ ಆ ಮೂರು ನಿಮಿಷ ಹೇಗಿರುತ್ತಿತ್ತು ಎಂದು ಹೇಗೆ ಹೇಳಲಿ? ನೀವು ಯಾರದಾದರೂ ಬಯಾಪ್ಸಿ ರಿಪೋರ್ಟಿಗೆ ಕಾದಿದ್ದೀರಾ? ಹಾಗೆ. ಇದು ಬರೀ ನೀರು ಎಂದು ಬುದ್ಧಿ ಹೇಳುತ್ತಿತ್ತು. ಟ್ಯಾಂಕಿಗೆ ಏನಾದರೂ ಆದರೆ ಅಣ್ಣನಿಗೂ ಆಗುತ್ತದೆ ಎಂಬ ಹುಚ್ಚು ಭಯ ಮಾತ್ರ ಹೋಗಲಿಲ್ಲ. ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ಏಳನೆಯ ಸುಳ್ಳಿನ ಹೊತ್ತಿಗೆ ಮೀಟರಿನಲ್ಲಿ ಪಾಯಿಂಟ್ ನಾಲ್ಕು ಆರು. ಇನ್ನೆರಡು ದಿನಕ್ಕೆ ಡಿಸ್ಚಾರ್ಜ್ ಎಂದು ಅತ್ತಿಗೆ ಮೆಸೇಜ್ ಹಾಕಿದರು. ಮರುದಿನ ಬೆಳಗ್ಗೆ ಆಟೋ ಹಿಡಿದು ಕೊಳತ್ತೂರಿಗೆ ಓಡಿದೆ. ಅಣ್ಣನಿಗೆ ಗೊತ್ತಿರುವ ಸಾಕುಮೀನಿನ ಅಂಗಡಿಯ ಸೆಲ್ವಂ ಅಲ್ಲಿದ್ದಾನೆ. ಸೀಗಡಿಯ ಕತೆ ಕೇಳಿ, ಆ ರಸದಲ್ಲೇ ಫಾಸ್ಫೇಟ್ ಇರುವುದು ಎಂದು ಹಣೆ ಚಚ್ಚಿಕೊಂಡ. ಮೊದಲು ತಿಂಡಿ ಕಡಿಮೆ ಮಾಡಿ, ನೀರು ಬದಲಾಯಿಸಿ ಅಂದ. ನಾನು ಬಿಡಲಿಲ್ಲ. ಕೊನೆಗೆ ಫಾಸ್ಫೇಟ್ ಇಳಿಸುವ ದ್ರವದ ಬಾಟಲಿ ಕೊಟ್ಟ. ನೀರು ಬೆರೆಸಿ ಫಿಲ್ಟರಿಗೆ ಹನಿ ಹನಿಯಾಗಿ ಬಿಡಬೇಕು, ವಾರಗಟ್ಟಲೆ. "ಮೆದುವಾ, ಮೇಡಂ. ಮೆದುವಾ" ಎಂದು ಎರಡು ಸಲ ಹೇಳಿದ. ನಿಧಾನ, ನಿಧಾನ.

ನಿಧಾನಕ್ಕೆ ನನ್ನ ಹತ್ತಿರ ವಾರವೆಲ್ಲಿತ್ತು? ಇದ್ದದ್ದು ಒಂದು ದಿನ. ಮನೆಗೆ ಬಂದವಳೇ ಅರ್ಧ ಬಾಟಲಿಯನ್ನು ನೇರ ಟ್ಯಾಂಕಿಗೆ ಬಗ್ಗಿಸಿದೆ.

ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಅರ್ಧ ಗಂಟೆಯಲ್ಲಿ ಮಂಜ ಮೂಲೆ ಸೇರಿ ಏದುಸಿರು ಬಿಡತೊಡಗಿತು. ಕಿವಿರುಗಳು ಪಟಪಟ ಬಡಿಯುತ್ತಿದ್ದವು. ದೀಪ್ತಿ ಕಾಲೇಜಿನಿಂದ ಬಂದಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲೇ.) ನನ್ನ ತೋಳು ಹಿಡಿದುಕೊಂಡು, "ಅತ್ತೆ, ಭಯಮಾ ಇರುಕ್ಕು" ಅಂದಳು. ಭಯವಾಗುತ್ತಿದೆ.

ಸೆಲ್ವಂಗೆ ಫೋನ್ ಮಾಡಿದೆವು. ಅವನು ಹೇಳಿದಂತೆ ಅರ್ಧ ನೀರು ತೆಗೆದು, ಡ್ರಮ್ಮಿನಲ್ಲಿ ಅಣ್ಣ ಬೆರೆಸಿಟ್ಟಿದ್ದ ಉಪ್ಪುನೀರು ತುಂಬಿದೆವು. ಉಳಿದ ನಾಲ್ಕು ಮೀನು ಚೇತರಿಸಿಕೊಂಡವು. ಮಂಜ ಮೂರು ಗಂಟೆಗೆ ಮಗ್ಗುಲಾಗಿ ತೇಲಿತು. ಆರಕ್ಕೆ ಅಣ್ಣನ ಫೋನ್. ನಾನು ಮತ್ತೆ ಅದೇ ನಂಬರ್ ಹೇಳಿದೆ. ಮಂಜನ ವಿಡಿಯೋ ಕಳಿಸು ಅಂದ. ಫೋನಿನಲ್ಲಿದ್ದ ಹಳೆಯದೊಂದನ್ನು ಕಳಿಸಿದೆ. ಅದಕ್ಕಿಂತ ನಾಚಿಕೆಗೇಡಿನ ಕೆಲಸ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಡಿಸ್ಚಾರ್ಜ್ ಇನ್ನೊಂದು ದಿನ ಮುಂದೆ ಹೋಯಿತು. ಒಂಬತ್ತನೆಯ ಸುಳ್ಳೂ ಆಯಿತು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಅಣ್ಣ ಮನೆಗೆ ಬಂದ. ಎದೆಗೆ ದಿಂಬು ಅವುಚಿಕೊಂಡು ಹೆಜ್ಜೆ ಹೆಜ್ಜೆಯಾಗಿ ನಡೆದು ಟ್ಯಾಂಕಿನ ಮುಂದೆ ನಿಂತ. ಅವನ ಕಣ್ಣು ಮೂಲೆಯಿಂದ ಮೂಲೆಗೆ ಮಂಜನನ್ನು ಹುಡುಕಿತು. ಎಲ್ಲಿ ಎದೆನೋವು ಬರುತ್ತದೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಸೀಗಡಿ, ಬಾಟಲಿ, ವಿಡಿಯೋ, ಎಲ್ಲ.

"ಗೊತ್ತಿತ್ತು ಉಮಾ" ಅಂದ. "ದಿನಾ ಒಂದೇ ನಂಬರ್ ಕೊಡೋ ಟ್ಯಾಂಕ್ ಎಲ್ಲಿರತ್ತೆ? ಮೂರನೇ ಫೋನಿಗೇ ಗೊತ್ತಾಯ್ತು."

ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

ಅವನು ಸೋಫಾದಲ್ಲಿ ಕೂತ. "ಟ್ಯಾಂಕ್ ಹೋದ್ರೆ ಹೋಗ್ಲಿ. ಮೀನಿನ ವಿಷಯಾನೇ ಇವಳು ಮುಚ್ಚಿಡ್ತಿದಾಳೆ ಅಂದ್ರೆ, ನನ್ನ ವಿಷಯ ಎಷ್ಟು ಮುಚ್ಚಿಟ್ಟಿದೀರೋ ಅಂತ ಯೋಚನೆ ಹತ್ತಿಕೊಳ್ತು. ಕೇಳೋಕೆ ಹೆದರಿಕೆ. ಅಲ್ಲಿಂದ ನಿದ್ದೇನೇ ಬರ್ಲಿಲ್ಲ."

ನಾನು ಅತ್ತಿಗೆಯ ಮುಖ ನೋಡಿದೆ. ಅವರು ನೆಲ ನೋಡಿದರು. ಯಾಕೆಂದರೆ ನಿಜಕ್ಕೂ ಒಂದು ವಿಷಯವಿತ್ತು. ಹೃದಯ ಪಂಪ್ ಮಾಡುವ ಶಕ್ತಿ ಕಡಿಮೆಯಾಗಿದೆ, ಮುಂದೆ ಜಾಗ್ರತೆಯಾಗಿರಬೇಕು ಎಂದು ಡಾಕ್ಟರು ನಮ್ಮಿಬ್ಬರನ್ನೇ ಕರೆದು ಹೇಳಿದ್ದರು. ಅಣ್ಣನಿಗೆ ನಾವು ಹೇಳಿದ್ದು ಎಲ್ಲ ಫಸ್ಟ್ ಕ್ಲಾಸ್ ಎಂದು.

ಫೈಲ್ ತಂದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಹೇಳಿದೆ. ಪಂಪಿನ ನಂಬರನ್ನು ಎರಡು ಸಲ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಹಣೆ ಬೆವರಿತ್ತು. ಅದು ಸರಿಹೋಗಬಹುದೇ ಎಂದು ಕೇಳಿದ. ಔಷಧಿ ತಗೊಂಡು, ಮೆಲ್ಲಗೆ ನಡೆದಾಡಿದರೆ ಸ್ವಲ್ಪ ಏರಬಹುದು ಅಂದಿದ್ದಾರೆ ಎಂದೆ. "ಇಷ್ಟೇನಾ? ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ" ಅಂದ. ಆ ಮಧ್ಯಾಹ್ನ ಮೂರು ಗಂಟೆ ಗಾಢ ನಿದ್ದೆ ಮಾಡಿದ. ಬಾಗಿಲ ಹತ್ತಿರ ನಿಂತು ಅವನ ಎದೆ ಏರಿಳಿಯುವುದನ್ನು ನೋಡುತ್ತಲೇ ಇದ್ದೆ.

ಸಂಜೆ ದೀಪ್ತಿಯ ಕೈಲಿ ಟೆಸ್ಟ್ ಮಾಡಿಸಿದ. ಬಂದದ್ದು ಪಾಯಿಂಟ್ ಸೊನ್ನೆ ಎರಡು. ಇದೂ ಅಪಾಯವೇ ಅಂದ. ಒಂದು ಕವಲು ಹವಳದ ತುದಿ ಆಗಲೇ ಬೆಳ್ಳಗಾಗಿತ್ತು. ಅದು ಉಳಿಯುತ್ತದೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಣ್ಣನ ಪಂಪಿನ ಮುಂದಿನ ಟೆಸ್ಟಿಗೆ ಇನ್ನೂ ಎರಡು ತಿಂಗಳಿದೆ. ಭಯ ನನ್ನನ್ನು ಬಿಟ್ಟಿಲ್ಲ. ಒಂದೇ ವ್ಯತ್ಯಾಸ, ಈಗ ಅಣ್ಣ, ಅತ್ತಿಗೆ, ನಾನು ಮೂರು ಜನವೂ ಒಂದೇ ನಂಬರಿಗೆ ಹೆದರುತ್ತಿದ್ದೇವೆ.

ರೋಗಿಗೆ ಭಯವಾಗದಿರಲಿ ಎಂದು ನಿಮ್ಮ ಮನೆಯಲ್ಲೂ ಯಾವುದೋ ರಿಪೋರ್ಟು ಬೀರುವಿನ ಬಟ್ಟೆಯ ಕೆಳಗಿರಬಹುದು. ಅದನ್ನು ಬಚ್ಚಿಟ್ಟದ್ದು ನಿಜಕ್ಕೂ ಯಾರ ಭಯಕ್ಕೆ?