ಮಾಮಿ ಗಂಜಿ ಬೇಡವೆಂದದ್ದು

ಮೊನ್ನೆ ಸೊಸೆ ಫೋನಿನಲ್ಲಿ ಮಾತಾಡುತ್ತಾ ರಾಗಿ ಗಂಜಿಯ ತಳ ಹಿಡಿಸಿದಳು. ಆ ಸೀದ ವಾಸನೆ ಮೂಗಿಗೆ ಬಡಿದದ್ದೇ ಎದುರುಮನೆಯ ಮಾಮಿ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಆಗ ನಾವಿದ್ದದ್ದು ದಕ್ಷಿಣ ದೆಹಲಿಯ ಸರಕಾರಿ ಕ್ವಾರ್ಟರ್ಸಿನಲ್ಲಿ. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಮಾಮಿ ಉಡುಪಿ ಕಡೆಯವರು, ಯಜಮಾನರು ಗುಮಾಸ್ತರು. ಐವತ್ತೈದರಲ್ಲೂ ತರಕಾರಿ ಚೀಲ ಹೊತ್ತು ಮೂರು ಮಹಡಿ ಒಂದೇ ಉಸಿರಿಗೆ ಹತ್ತುತ್ತಿದ್ದ ಹೆಂಗಸು. ಒಂದು ಚಳಿಗಾಲ ನ್ಯುಮೋನಿಯಾ ಆಗಿ ಮೂರು ವಾರ ಐಸಿಯುನಲ್ಲಿ, ವೆಂಟಿಲೇಟರಿನ ಮೇಲೆ ಇದ್ದರು. ಬದುಕಿ ಬಂದಾಗ ಲಾಡು ಹಂಚಿದೆವು. ಆದರೆ ಕಾಲಿನಲ್ಲಿ ಬಲವೇ ಇರಲಿಲ್ಲ, ಲೋಟ ಎತ್ತಿದರೆ ಕೈ ನಡುಗುತ್ತಿತ್ತು. ಐಸಿಯುನಲ್ಲಿ ಅಷ್ಟು ದಿನ ಮಲಗಿದವರ ಸ್ನಾಯು ಹೀಗೆ ಕರಗುವುದುಂಟು, ಚೆನ್ನಾಗಿ ತಿನ್ನಿಸಿ, ದಿನಾ ಸ್ವಲ್ಪ ಸ್ವಲ್ಪ ನಡೆಸಿ ಎಂದರು ಡಾಕ್ಟರು.

ತಿನ್ನಿಸುವ ಕೆಲಸ ನಾನು ವಹಿಸಿಕೊಂಡೆ. ಮಾಮಿ ಎರಡು ಚಮಚ ನುಂಗಿ ಸಾಕೆನ್ನುತ್ತಿದ್ದರು. ನೀರೂ ಬೇಡ. ಗಂಜಿಗೆ ಬೆಲ್ಲ ಹಾಕಿ ನೋಡಿದೆ, ಮಜ್ಜಿಗೆ ಹಾಕಿ ನೋಡಿದೆ. ಒಂದು ಮಧ್ಯಾಹ್ನ ತಾಳ್ಮೆ ಕೆಟ್ಟು, "ನಿಮಗೆ ಗುಣ ಆಗೋದು ಬೇಕೋ ಬೇಡ್ವೋ?" ಎಂದು ರೇಗಿದೆ.

ಮಾಮಿ ಗೋಡೆ ಕಡೆ ಮುಖ ತಿರುಗಿಸಿದರು. "ತಿಂದ್ರೆ ಹೋಗ್ಬೇಕಲ್ಲ ಮಾರಾಯ್ತಿ. ಕೂತ್ರೆ ಏಳ್ಲಿಕ್ಕೆ ಆಗುದಿಲ್ಲ. ಪ್ರತಿ ಸಲ ಇವ್ರು ಒಳಗೆ ಬಂದು ಎತ್ಬೇಕು... ನಾಚಿಕೆ ಆಗ್ತದೆ."

ನಮ್ಮ ಕ್ವಾರ್ಟರ್ಸಿನಲ್ಲಿ ಇದ್ದದ್ದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ದಿನಾ ಬಳಸುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ!

ಸರಕಾರಿ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳುವ ಜನ ನಾವು. ಮಾಮಿಯ ಯಜಮಾನರೂ ನನ್ನ ಗಂಡನೂ ಕೂತು, ಕಮೋಡು ಹಾಕಿಸಿಕೊಡಿ ಎಂದು ಮೂರು ಪ್ರತಿಯಲ್ಲಿ ಅರ್ಜಿ ಬರೆದರು. ಅದನ್ನು ಹಿಡಿದು ಹೋದವಳು ನಾನು. ರಿಪೇರಿ ಆಫೀಸಿನ ಬಾಬು ಡಿಸ್ಚಾರ್ಜ್ ಕಾಗದ ನೋಡಿ, "ಇಸ್‌ಮೇ ತೋ ಠೀಕ್ ಲಿಖಾ ಹೈ, ಮೇಡಂ" ಎಂದ. ಗುಣವಾಗಿದೆ ಎಂದೇ ಬರೆದಿದೆಯಲ್ಲ, ಅಂಥವರಿಗೆ ಕಮೋಡು ಯಾಕೆ ಎಂದು ಅವನ ವಾದ. ಬೇಕಿದ್ದರೆ ಅಂಗವಿಕಲರ ಸರ್ಟಿಫಿಕೇಟು ತರಬೇಕಂತೆ. ಆಸ್ಪತ್ರೆಯಲ್ಲಿ ಕೇಳಿದರೆ, ಇದು ವಾಸಿಯಾಗುವಂಥದ್ದು, ಕೊಡಲು ಬರುವುದಿಲ್ಲ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ! ಎರಡು ತಿಂಗಳು ಆ ಆಫೀಸಿಗೆ ಅಲೆದೆ, ಜಗಳವಾಡಿದೆ. ಇತ್ತ ಮಾಮಿ ಒಣಗುತ್ತಾ ಬಂದರು. ಮತ್ತೆ ಜ್ವರ, ಮತ್ತೆ ಅದೇ ನ್ಯುಮೋನಿಯಾ. ಈ ಸಲ ತಡೆದುಕೊಳ್ಳಲು ಮೈಯಲ್ಲಿ ಏನೂ ಉಳಿದಿರಲಿಲ್ಲ...

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಂಜೂರಾತಿ ಹಿಡಿದು ಮೇಸ್ತ್ರಿ ಬಂದ. ವಿಷಯ ತಿಳಿದು ಪಾಪ, ಚೀಲ ಕೆಳಗಿಟ್ಟ. "ಕುರ್ಸಿ ಮೇ ಛೇದ್ ಕರ್ ಲೇತೇ, ದೀದಿ" ಎಂದ ಮೆಲ್ಲಗೆ. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಗುಂಡಿಯ ಮೇಲೆ ಇಟ್ಟರೆ ಆಗುತ್ತಿತ್ತಂತೆ. ತನ್ನ ತಾಯಿಗೆ ಅವನು ಮಾಡಿದ್ದು ಅಷ್ಟೇ.

ಆ ಕ್ವಾರ್ಟರ್ಸನ್ನು ಈಗ ಕೆಡವಿದ್ದಾರೆ. ಬಾಬುವನ್ನು ಬೈದು ಬೈದು ನನಗೂ ಸಾಕಾಗಿದೆ. ನಮ್ಮ ಮನೆಯಲ್ಲಿ ಆಗ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅದರಲ್ಲೇ ಒಂದನ್ನು ಎದುರುಮನೆಗೆ ಒಯ್ದು, ಮಾಮಿಯ ಮಂಚದ ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಕೂತು, ತಿನ್ನಿ ತಿನ್ನಿ ಎಂದು ನಾನು ದಿನಾ ಗದರಿಸುತ್ತಿದ್ದೆ.