ಬಿ ಅಂದರೆ ಯಾರು

ನಾನು ನಿಂತಿದ್ದದ್ದು ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಗುರುತಿಲ್ಲದವರೊಬ್ಬರ ಗರಾಜಿನಲ್ಲಿ, ಬಿಳಿ ಕಾರಿನ ಹಿಂಬದಿಗೂ ಗೋಡೆಗೆ ಒರಗಿಸಿದ್ದ ಹಿಮದ ಸಲಿಕೆಗಳಿಗೂ ನಡುವೆ. ಡಿಸೆಂಬರಿನ ಒಂದು ಶನಿವಾರದ ಸಂಜೆ. ಹೊರಗೆ ಆಗಲೇ ಕತ್ತಲಾಗಿತ್ತು. ನನಗೆ ಏಳು ವರ್ಷ. ಅಜ್ಜಿ ಕೈಗೆಟಕುವಷ್ಟು ಹತ್ತಿರ ಮಡಚುವ ಕುರ್ಚಿಯ ಮೇಲೆ ಕೂತಿದ್ದಳು. ಅವಳು ಹೇಳಿದ್ದನ್ನು ನಾನು ಸ್ಪಷ್ಟವಾಗಿ ಕೇಳಿದೆ.

ಆ ದಿನಗಳಲ್ಲಿ ನಾವು ಆ ಊರಿಗೆ ತೀರ ಹೊಸಬರು. ಅಪ್ಪ ಮುಂಚೆಯೇ ಬಂದು ಕಾರು ಕಾರ್ಖಾನೆಯಲ್ಲಿ ಇಂಜಿನಿಯರಾಗಿ ಸೇರಿದ್ದರು. ಅಮ್ಮ, ನಾನು, ಇನ್ನೂ ಎರಡು ತುಂಬದ ತಂಗಿ ನಂದಿನಿ, ನಮ್ಮ ಜೊತೆಗೆ ಅಜ್ಜಿ, ಚಳಿ ಶುರುವಾಗುವಾಗ ದಾವಣಗೆರೆಯಿಂದ ಬಂದೆವು. ಅಜ್ಜ ಬರಲಿಲ್ಲ. ಅವರಿಗೆ ಹೃದಯದ ತೊಂದರೆ. ದೊಡ್ಡಪ್ಪನ ಮನೆಯಲ್ಲಿ ಉಳಿದಿದ್ದರು. ನಾನು ಶಾಲೆಗೆ ಸೇರುವುದು ಹೊಸ ವರ್ಷದ ನಂತರ ಎಂದಾಗಿತ್ತು.

ಶನಿವಾರ ಅಪ್ಪ ಅಮ್ಮನಿಗೆ ಡ್ರೈವಿಂಗ್ ಕಲಿಸಲು ಕಾರ್ಖಾನೆಯ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗುತ್ತಿದ್ದರು. ಆಗ ಅಜ್ಜಿಗೂ ನನಗೂ ಊರು ನೋಡುವ ಕೆಲಸ. ಸೀರೆಯ ಮೇಲೆ ಅಪ್ಪನ ಹಳೆಯ ಜಾಕೆಟ್ಟು, ಅದರ ಜೇಬಿನಲ್ಲಿ ಖಾರ ಮಂಡಕ್ಕಿ, ಕಂಕುಳಲ್ಲಿ ಶಾಲು ಸುತ್ತಿದ ನಂದಿನಿ. ಒಂದೇ ಬಣ್ಣದ, ಒಂದೇ ಎತ್ತರದ ಮನೆಗಳು. ಅಜ್ಜಿ ಬೀದಿಗಳಿಗೆ ತನ್ನದೇ ಹೆಸರಿಟ್ಟಳು: ಬಾವುಟದ ಓಣಿ, ಬೊಗಳೋ ನಾಯಿ ಓಣಿ. ಮನೆಗಳ ಪಕ್ಕದ ಕೊಳವೆಯಿಂದ ಬಟ್ಟೆ ಒಣಗಿಸುವ ಯಂತ್ರದ ಹಬೆ ಸೋಪಿನ ವಾಸನೆ ಹೊತ್ತು ಬರುತ್ತಿತ್ತು. ಅಜ್ಜಿ ಅದಕ್ಕೆ ಕೈ ಒಡ್ಡಿ ನಿಲ್ಲುತ್ತಿದ್ದಳು. ನಮ್ಮ ಮನೆಗೆ ತಿರುಗುವ ಮೂಲೆಯ ಮನೆಯ ಮೆಟ್ಟಿಲುಗಳ ಮೇಲೆ ಹಬ್ಬದ ಅಲಂಕಾರಕ್ಕೆ ಇಟ್ಟ ಕುಂಬಳಕಾಯಿಗಳ ರಾಶಿ ಇತ್ತು; ಅದೇ ನಮ್ಮ ಗುರುತು.

"ಇಷ್ಟು ಕಾಯಿ ಇಟ್ಕಂಡು ಒಂದಿನಾನೂ ಪಲ್ಯ ಮಾಡಲ್ವಲ್ಲ, ಎಂಥ ಸೋಮಾರಿ ಹೆಂಗಸೋ ಏನೋ," ಎಂದು ಅಜ್ಜಿ ಪ್ರತಿ ಸಲ ಬೈಯುತ್ತಿದ್ದಳು.

ಅಂಥದ್ದೇ ಒಂದು ನಡಿಗೆಯಲ್ಲಿ ನಾನು ಕೇಳಿದ್ದೆ: "ಅಜ್ಜಿ, ನಾನು ಸಹನಾ ಬಿ. ಬಿ ಅಂದ್ರೆ ಏನು?"

"ನಿಮ್ಮಜ್ಜ."

"ಅಜ್ಜನ ಹೆಸರೇನು?"

"ನಿಮ್ಮಪ್ಪನ್ನ ಕೇಳು. ನಾನು ಹೇಳಬಾರ್ದು."

"ಹೇಳಿದ್ರೆ?"

"ಅವ್ರ ಆಯಸ್ಸು ಕಮ್ಮಿ ಆಕ್ಕತಿ. ಮೊದ್ಲೇ ಹುಷಾರಿಲ್ಲ. ಸುಮ್ನೆ ಮಂಡಕ್ಕಿ ತಿನ್ನು."

ನಾನು ಅಪ್ಪನನ್ನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಜ್ಜ ಎಂದರೆ ಅಜ್ಜ, ಅಷ್ಟೇ.

ಆ ಶನಿವಾರ ನಡೆಯುತ್ತಿದ್ದಂತೆ ಹಿಮ ಬೀಳತೊಡಗಿತು. ಮೊದಲು ನಾಲಿಗೆ ಚಾಚಿ ಹಿಡಿದೆವು, ನಕ್ಕೆವು. ಹಿಂತಿರುಗುವಾಗ ಕುಂಬಳಕಾಯಿಗಳು ಕಾಣಲಿಲ್ಲ. ಯಾರೋ ಎತ್ತಿ ಬಿಸಾಡಿದ್ದರು; ಮೆಟ್ಟಿಲುಗಳೆಲ್ಲ ಬೆಳ್ಳಗಾಗಿದ್ದವು. ಅಜ್ಜಿ ಒಂದು ಮೂಲೆಯಲ್ಲಿ ತಿರುಗಿದಳು, ಮತ್ತೊಂದರಲ್ಲಿ ತಿರುಗಿದಳು. ನಾಯಿ ಬೊಗಳಲಿಲ್ಲ. ರಸ್ತೆಯಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಅಜ್ಜಿಯ ಚಪ್ಪಲಿಯೊಳಗಿನ ಕಾಲುಚೀಲ ನೆನೆದು ಗಟ್ಟಿಯಾಗಿತ್ತು. ನಂದಿನಿ ಬಹಳ ಹೊತ್ತು ಅತ್ತಳು. ಆಮೇಲೆ ಅಳು ನಿಲ್ಲಿಸಿದಳು. ಅಜ್ಜಿ ಹೆದರಿದ್ದು ಆಗ.

"ಏ ಕೂಸೇ, ನಿದ್ದಿ ಮಾಡಬ್ಯಾಡ. ಸಹನಾ, ಅವಳ ಕೆನ್ನೆ ತಟ್ಟು. ಜೋರಾಗಿ ತಟ್ಟು."

ನಾನು ತಟ್ಟಿದೆ. ತಂಗಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಒಂದು ಗರಾಜಿನ ಬಾಗಿಲು ತೆರೆದಿತ್ತು. ಅಜ್ಜಿ ನೇರ ಒಳಗೆ ನುಗ್ಗಿದಳು. ಸಲಿಕೆ ತೆಗೆಯಲು ಬಂದಿದ್ದ ಮನೆಯೊಡತಿ ಒಂದು ಕೂಗು ಹಾಕಿ, ಮಗುವನ್ನು ನೋಡಿದ ಕೂಡಲೆ ಕಂಬಳಿ ತಂದರು. ಅವರ ಹೆಸರು ಕ್ಯಾರಲ್ ಎಂದು ನಮಗೆ ತಿಳಿದದ್ದು ಆಮೇಲೆ. ಫೋನ್ ಮಾಡಿದರು. ಬಾಗಿ ನನ್ನ ಹೆಸರು ಕೇಳಿದರು.

"ಸಹನಾ ಬಿ."

"ಬೀ?" ಅವರು ಬೆರಳಾಡಿಸಿ ಜೇನುನೊಣದಂತೆ ಝುಂಯ್ ಎಂದರು. ನನ್ನನ್ನು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಪೊಲೀಸ್ ಬಂದರು, ಹಿಂದೆಯೇ ಆಂಬ್ಯುಲೆನ್ಸ್. ಅಪ್ಪನ ಹೆಸರು ಸುರೇಶ ಎಂದೆ. ಫೋನ್ ನಂಬರು ನಮ್ಮ ಫ್ರಿಜ್ಜಿನ ಮೇಲೆ ಅಂಟಿಸಿತ್ತು. ನನಗೆ ಬಾಯಿಪಾಠ ಇರಲಿಲ್ಲ. ಮನೆ ಎಲ್ಲಿ ಎಂದರೆ ಏನು ಹೇಳುವುದು? ಕುಂಬಳಕಾಯಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಗೊತ್ತಿರಲಿಲ್ಲ. "ಲಾಸ್ಟ್ ನೇಮ್?" ಎಂದು ಪೊಲೀಸ್ ಆಫೀಸರ್ ಮತ್ತೆ ಮತ್ತೆ ಕೇಳಿದರು. ನಾನು ಮತ್ತೆ ಮತ್ತೆ ಬಿ ಎಂದೆ.

"ಅಜ್ಜಿ, ಬಿ ಅಂದ್ರೆ ಏನು ಅಂತ ಕೇಳ್ತಿದಾರೆ. ಅಜ್ಜನ ಹೆಸರು."

ಅಜ್ಜಿ ತಲೆ ತಗ್ಗಿಸಿ ಕೂತಳು.

"ಅಜ್ಜಿ!"

"ತಡಿಯವ್ವ. ನಿಮ್ಮಪ್ಪ ಬರ್ತಾನ. ಹುಡುಕ್ಕಂಡು ಬರ್ತಾನ."

ಅಷ್ಟರಲ್ಲಿ ಆಂಬ್ಯುಲೆನ್ಸಿನವರು ನಂದಿನಿಯನ್ನು ಕಂಬಳಿಯ ಸಮೇತ ಎತ್ತಿಕೊಂಡರು. ಹಾಸ್ಪಿಟಲ್ ಎಂಬ ಮಾತು ನನಗೆ ಅರ್ಥವಾಯಿತು. ಅಜ್ಜಿ ಎದ್ದು ಅವರ ತೋಳು ಹಿಡಿದಳು.

"ಎಲ್ಲಿಗೆ ಒಯ್ತೀರಿ? ಯಾರ ಕೂಸು ಅಂತ ಬರ್ಕಂತೀರಿ? ಹೆಸರಿಲ್ಲದ ಕೂಸನ್ನ ಯಾರ ಕೈಗೆ ಕೊಡ್ತೀರಿ?"

ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆಫೀಸರ್ ಮೆಲ್ಲಗೆ ಅಜ್ಜಿಯ ಭುಜ ಹಿಡಿದು ಕುರ್ಚಿಗೆ ಕೂರಿಸಿದರು. ಅಜ್ಜಿ ನನ್ನತ್ತ ನೋಡಿದಳು. ಆಮೇಲೆ ಕಾರಿನ ಆಚೆ, ನಂದಿನಿಯನ್ನು ಎತ್ತಿಕೊಂಡವರು ನಿಂತಿದ್ದ ತೆರೆದ ಬಾಗಿಲಿನತ್ತ ನೋಡಿದಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬಸವರಾಜಪ್ಪ," ಎಂದಳು.

ಮೆಲ್ಲಗೆ ಹೇಳಿದ್ದಳು. ಆಫೀಸರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳುವಂತೆ ಕೈಸನ್ನೆ ಮಾಡಿದರು. ಅಜ್ಜಿ ಇನ್ನೊಮ್ಮೆ ಹೇಳಬೇಕಾಯಿತು. ಮತ್ತೂ ಒಮ್ಮೆ, ಬಿಡಿಸಿ ಬಿಡಿಸಿ. ಅವರು ಅದನ್ನು ರೇಡಿಯೋದಲ್ಲಿ ಹೇಳಿದರು. ಆ ಕಡೆಯ ದನಿ ಅದನ್ನು ತಪ್ಪುತಪ್ಪಾಗಿ, ಜೋರಾಗಿ ತಿರುಗಿ ಹೇಳಿತು. ಇವರು ತಿದ್ದಿದರು. ಅದು ಮತ್ತೆ ಹೇಳಿತು. ಗರಾಜಿನ ತುಂಬ ಅಜ್ಜನ ಹೆಸರು. ಅಜ್ಜಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಮೊಣಕಾಲಿಗೆ ಹಣೆ ಹಚ್ಚಿ ಕೂತುಬಿಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಅಪ್ಪ ಅಮ್ಮ ಬಂದರು. ಅವರೂ ಕಾರಿನಲ್ಲಿ ಬೀದಿ ಬೀದಿ ಸುತ್ತುತ್ತಿದ್ದರಂತೆ. ಅಪ್ಪನ ಲೈಸೆನ್ಸಿನಲ್ಲೂ ಲಾಸ್ಟ್ ನೇಮ್ ಅಜ್ಜನ ಹೆಸರೇ; ಅದರಿಂದ ವಿಳಾಸ ಸಿಕ್ಕಿ, ಪೊಲೀಸರು ನಮ್ಮ ಮನೆಯ ಮುಂದೆ ಅವರನ್ನು ತಡೆದಿದ್ದರು. ನಂದಿನಿಯನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮರುದಿನ ಮನೆಗೆ ಕಳಿಸಿದರು. ಅವಳಿಗೆ ಏನೂ ಆಗಲಿಲ್ಲ.

ಯುಗಾದಿಗೆ ಮುಂಚೆ ಅಜ್ಜ ತೀರಿಕೊಂಡರು.

"ಅವ್ವ, ಅಪ್ಪಂಗೆ ಮೊದ್ಲೇ ಹಾರ್ಟ್ ವೀಕ್ ಇತ್ತು. ಡಾಕ್ಟ್ರು ಹೇಳಿರ್ಲಿಲ್ವಾ? ನೀನು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದು ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಅಪ್ಪ ಹೇಳಿದರು.

"ಹೌದಪ್ಪ," ಎಂದಳು ಅಜ್ಜಿ.

ಸಂಬಂಧವಿದೆ ಎಂದು ನಾನೂ ಹೇಳುತ್ತಿಲ್ಲ. ನೋಡಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಅಜ್ಜಿ ಮತ್ತೆ ಅಮೆರಿಕಕ್ಕೆ ಬರಲಿಲ್ಲ. ನಾವು ಊರಿಗೆ ಹೋದಾಗಲೂ ಹೊಸ ಓಣಿ ನೋಡಲು ನನ್ನನ್ನು ಕರೆಯಲಿಲ್ಲ. ನಾನೇ ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಈಗ ನಾನಿರುವ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಎಲ್ಲಿಗೆ ಹೊರಟರೂ ಕಾರಿನ ಜಿಪಿಎಸ್ ಪರದೆ ದಾರಿ ತೋರಿಸುತ್ತದೆ. ಎಲ್ಲಿಗೂ ತಪ್ಪದೆ ತಲುಪುತ್ತೇನೆ. ಒಂದು ಬೀದಿಗೂ ನಾನಿಟ್ಟ ಹೆಸರಿಲ್ಲ.

ಆ ಗರಾಜಿನಲ್ಲಿ ಇದ್ದವರಲ್ಲಿ ಅಜ್ಜಿ ಈಗ ಇಲ್ಲ. ಆಫೀಸರ್ ಎಲ್ಲಿದ್ದಾರೋ, ಆಂಬ್ಯುಲೆನ್ಸಿನವರು ಎಲ್ಲಿದ್ದಾರೋ ತಿಳಿಯದು. ಕ್ಯಾರಲ್ ಇದ್ದಾರೆ, ಮಗನ ಜೊತೆ ಪ್ಲೇನ್‌ಫೀಲ್ಡ್‌ನಲ್ಲಿ; ಆ ಮುದುಕಿ ಯಾಕೆ ಕಿವಿ ಮುಚ್ಚಿಕೊಂಡಳು ಎಂದು ಅವರು ಒಮ್ಮೆ ನನ್ನನ್ನು ಕೇಳಿದ್ದುಂಟು. ಇನ್ನು ನಂದಿನಿ ಇದ್ದಾಳೆ. ತನಗೇನೂ ನೆನಪಿಲ್ಲ ಎನ್ನುತ್ತಾಳೆ. ಆದರೆ ಅಜ್ಜಿ ಆ ಹೆಸರು ಹೇಳಿದಾಗ ಕಂಬಳಿಯೊಳಗೆ ಅವಳ ಕಣ್ಣು ತೆರೆದಿತ್ತು, ಅಜ್ಜಿಯನ್ನೇ ನೋಡುತ್ತಿತ್ತು.